ಗೋಡೆಯ ಈಚೆ ಉಳಿದವರು: ನೀಲ್ ಮಾರ್ಷಲ್ ಸಿನಿಮಾಗಳ ಕುರಿತು

(ಚಿತ್ರಪ್ರದರ್ಶನದ ನಂತರ ಮಾಡಿದ ಉಪನ್ಯಾಸದ ಬರಹ ರೂಪ)

ಈಗಷ್ಟೇ ನಾವೆಲ್ಲರೂ ನೀಲ್ ಮಾರ್ಷಲ್ ನಿರ್ದೇಶನದ ಹಾರರ್ ಚಿತ್ರ ‘ದಿ ಡಿಸೆಂಟ್’ ನೋಡಿ ಮುಗಿಸಿದ್ದೇವೆ. ದೀಪ ಹೊತ್ತಿದ ಕೂಡಲೇ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, “ಆ ಹೆಣ್ಣುಮಗಳು ಹೊರಗೆ ಬಂದು ಕಾರಿನಲ್ಲಿ ಕೂತಿದ್ದಳಲ್ಲ, ಮತ್ತೆ ಗುಹೆಯೊಳಗೆ ಹೇಗೆ ಹೋದಳು?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆಗೆ ಬ್ರಿಟನ್ನಿನ ಪ್ರೇಕ್ಷಕರಿಗೆ ಒಂದು ಉತ್ತರವೂ ಅಮೆರಿಕದ ಪ್ರೇಕ್ಷಕರಿಗೆ ಇನ್ನೊಂದು ಉತ್ತರವೂ ದೊರೆತಿತ್ತು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮುನ್ನ ಈ ಚಿತ್ರ ಮಾಡಿದ ಮನುಷ್ಯ ಎಲ್ಲಿಂದ ಬಂದ, ಏನೇನು ಮಾಡಿದ, ಎಲ್ಲಿ ಗೆದ್ದ, ಎಲ್ಲಿ ಜಾರಿದ ಎಂಬುದನ್ನು ನೋಡೋಣ. ನಿಮ್ಮಲ್ಲಿ ಹಲವರಿಗೆ ನೀಲ್ ಮಾರ್ಷಲ್ ಎಂಬ ಹೆಸರು ಹೊಸದಿರಬಹುದು, ಆದರೆ ‘ಗೇಮ್ ಆಫ್ ಥ್ರೋನ್ಸ್’ ಸರಣಿಯನ್ನು ನೋಡಿದವರೆಲ್ಲರೂ ಅವರ ಕೆಲಸವನ್ನು ಎರಡು ಸಲವಾದರೂ ಉಸಿರು ಬಿಗಿಹಿಡಿದು ನೋಡಿದ್ದೀರಿ.

ಮಾರ್ಷಲ್ ಹುಟ್ಟಿದ್ದು 1970ರ ಮೇ 25ರಂದು, ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿರುವ ನ್ಯೂಕ್ಯಾಸಲ್ ನಗರದಲ್ಲಿ. ಈ ಊರನ್ನು ಸುಮ್ಮನೆ ದಾಟಿ ಮುಂದೆ ಹೋಗುವ ಹಾಗಿಲ್ಲ. ಕ್ರಿ.ಶ. 122ರ ಸುಮಾರಿಗೆ ರೋಮನ್ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್ ದ್ವೀಪದ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಸುಮಾರು 117 ಕಿಲೋಮೀಟರ್ ಉದ್ದದ ಗೋಡೆಯನ್ನು ಕಟ್ಟಿಸಲು ತೊಡಗಿದ. ಅದರ ಪೂರ್ವದ ತುದಿ ಟೈನ್ ನದಿಯ ದಡದಲ್ಲಿ, ಈಗಿನ ನ್ಯೂಕ್ಯಾಸಲ್‌ಗೆ ಅಂಟಿಕೊಂಡಂತಿರುವ ವಾಲ್ಸೆಂಡ್ ಎಂಬಲ್ಲಿತ್ತು. ಗೋಡೆಯ ಕೊನೆ ಎಂಬುದೇ ಆ ಊರಿನ ಹೆಸರಿನ ಅರ್ಥ. ಗೋಡೆಯ ದಕ್ಷಿಣಕ್ಕೆ ಸಾಮ್ರಾಜ್ಯ, ಸುಂಕ, ರಸ್ತೆ, ಸ್ನಾನಗೃಹ. ಉತ್ತರಕ್ಕೆ ರೋಮನ್ನರು ಅರಿಯದ, ಅರಿತಷ್ಟಕ್ಕೂ ಹೆದರಿದ ಜನ. ಇಂಥ ಗೋಡೆಯ ಅವಶೇಷಗಳ ಆಸುಪಾಸಿನಲ್ಲಿ ಬೆಳೆದ ಹುಡುಗನಿಗೆ ರಾತ್ರಿಯಲ್ಲಿ ಆ ಕಡೆಯಿಂದ ಬರುವವರು ಯಾರು ಎಂಬ ಕುತೂಹಲ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಮಾರ್ಷಲ್ ಅವರ ಬಹುಪಾಲು ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಅದು ಮುತ್ತಿಗೆಯ ಸಿನಿಮಾ. ಕೆಲವೇ ಜನ, ಒಂದು ಇಕ್ಕಟ್ಟಾದ ಜಾಗ, ಹೊರಗೆ ಅಥವಾ ಒಳಗೆ ಕಾದಿರುವ ಏನೋ ಒಂದು. ಈ ಅಳತೆಯೊಳಗೆ ಇದ್ದಾಗಲೆಲ್ಲ ಅವರು ಗೆದ್ದಿದ್ದಾರೆ, ಅದನ್ನು ಮೀರಿ ಹರಡಿಕೊಂಡಾಗ ಹೆಚ್ಚಿನ ಸಲ ಎಡವಿದ್ದಾರೆ ಎಂಬುದು ನನ್ನ ಅನಿಸಿಕೆ.

ಸಿನಿಮಾದ ಹುಚ್ಚು ಹತ್ತಿದ್ದು ಹನ್ನೊಂದನೆಯ ವಯಸ್ಸಿನಲ್ಲಿ, 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ನೋಡಿದ ಮೇಲೆ. ಮನೆಯಲ್ಲಿ ಅಮ್ಮನ ಸೂಪರ್-8 ಕ್ಯಾಮೆರಾ ಇತ್ತು, ಅದರಲ್ಲೇ ಮೊದಲ ಪ್ರಯೋಗಗಳು ನಡೆದವು. 1989ರಲ್ಲಿ ನ್ಯೂಕ್ಯಾಸಲ್ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಓದಲು ಸೇರಿದರು. ಓದು ಮುಗಿದ ಮೇಲೆ ನಿರ್ದೇಶಕರ ಕುರ್ಚಿ ಯಾರೂ ತಂದುಕೊಡಲಿಲ್ಲ. ಸುಮಾರು ಎಂಟು ವರ್ಷ ಸಂಕಲನಕಾರರಾಗಿ ಸಿಕ್ಕಿದ ಕೆಲಸ ಮಾಡುತ್ತ ಕಳೆದರು. ಆ ಅವಧಿಯಲ್ಲಿ ‘ಕಿಲ್ಲಿಂಗ್ ಟೈಮ್’ ಎಂಬ ಚಿತ್ರಕ್ಕೆ ಸಹಲೇಖಕರಾಗಿಯೂ ಸಂಕಲನಕಾರರಾಗಿಯೂ ದುಡಿದರು. ಅದರ ನಿರ್ದೇಶಕ ಭರತ್ ನಲ್ಲೂರಿ, ನಮ್ಮ ಪಕ್ಕದ ಗುಂಟೂರಿನಲ್ಲಿ ಹುಟ್ಟಿ ನ್ಯೂಕ್ಯಾಸಲ್‌ನಲ್ಲಿ ಬೆಳೆದವರು. ಅವರಿಗೂ ಅದು ಮೊದಲ ಚಿತ್ರ.

ಈ ಎಂಟು ವರ್ಷಗಳನ್ನು ನಾನು ವ್ಯರ್ಥವೆಂದು ಎಣಿಸುವುದಿಲ್ಲ. ಸಂಕಲನದ ಕೋಣೆಗೆ ಬೇರೆಯವರ ತಪ್ಪುಗಳೆಲ್ಲ ಒಂದೊಂದಾಗಿ ಬಂದು ಬೀಳುತ್ತವೆ. ತೆಗೆಯಬೇಕಾಗಿದ್ದ ಶಾಟ್ ತೆಗೆದಿಲ್ಲ, ತೆಗೆದಿರುವ ಶಾಟ್ ಬೇಕಿರಲಿಲ್ಲ, ನಟ ಬಾಗಿಲ ಕಡೆ ನೋಡಬೇಕಾಗಿದ್ದಾಗ ಕಿಟಕಿಯ ಕಡೆ ನೋಡಿದ್ದಾನೆ. ಹೊಡೆದಾಟದ ದೃಶ್ಯದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಏಟು ಯಾವ ದಿಕ್ಕಿನಿಂದ ಬಂತು ಎಂಬುದು ನೋಡುವವನಿಗೆ ತಿಳಿಯದೆ ಹೋದರೆ ಎಷ್ಟು ರಕ್ತ ಸುರಿಸಿದರೂ ಅದು ಬರಿಯ ಗದ್ದಲ. ಮಾರ್ಷಲ್ ಅವರ ಒಳ್ಳೆಯ ಕೃತಿಗಳಲ್ಲಿ ಜಾಗದ ನಕ್ಷೆ ನಮ್ಮ ತಲೆಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಮೆಟ್ಟಿಲು ಎಲ್ಲಿದೆ, ಹಿಂಬಾಗಿಲು ಎಲ್ಲಿದೆ, ಎಷ್ಟು ಗುಂಡು ಉಳಿದಿವೆ ಎಂಬುದು ಪಾತ್ರಗಳಷ್ಟೇ ನಮಗೂ ಗೊತ್ತಿರುತ್ತದೆ. ಇದು ಸಂಕಲನದ ಮೇಜಿನ ಮೇಲೆ ಕಲಿತ ಪಾಠವೆಂದೇ ನನಗೆ ತೋರುತ್ತದೆ. ಮೊದಲ ಚಿತ್ರವನ್ನು ಅವರೇ ಸಂಕಲನ ಮಾಡಿದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಆ ಮೊದಲ ಚಿತ್ರ ‘ಡಾಗ್ ಸೋಲ್ಜರ್ಸ್’, 2002ರ ಮೇ ತಿಂಗಳಲ್ಲಿ ತೆರೆಕಂಡಿತು. ಬರೆದು, ಹಣ ಹೊಂದಿಸಿ, ತೆರೆಗೆ ತರುವುದಕ್ಕೆ ಆರು ವರ್ಷ ಹಿಡಿಯಿತು. ಕಥೆ ಇಷ್ಟೆ: ಸ್ಕಾಟ್ಲೆಂಡಿನ ಬೆಟ್ಟಗಾಡಿನಲ್ಲಿ ಯುದ್ಧದ ಕಸರತ್ತಿಗೆ ಬಂದ ಬ್ರಿಟಿಷ್ ಸೈನಿಕರ ಒಂದು ಸಣ್ಣ ತುಕಡಿಯ ಮೇಲೆ ತೋಳಮಾನವರು ಎರಗುತ್ತಾರೆ, ಬದುಕುಳಿದವರು ಒಂದು ಒಂಟಿ ತೋಟದ ಮನೆಯೊಳಗೆ ಸೇರಿ ಬೆಳಗಾಗುವವರೆಗೆ ಹೋರಾಡುತ್ತಾರೆ. ಸ್ಕಾಟ್ಲೆಂಡಿನ ಕಥೆಯಾದರೂ ಹೆಚ್ಚಿನ ಚಿತ್ರೀಕರಣ ನಡೆದದ್ದು ಲಕ್ಸೆಂಬರ್ಗ್‌ನಲ್ಲಿ, ಹಣದ ಲೆಕ್ಕಾಚಾರವೇ ಅದಕ್ಕೆ ಕಾರಣ. ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲವನ್ನೂ ನುಂಗುತ್ತಿದ್ದ ಕಾಲದಲ್ಲಿ ಮಾರ್ಷಲ್ ತೋಳಮಾನವರನ್ನು ವೇಷ ತೊಟ್ಟ ಮನುಷ್ಯರಿಂದಲೇ ಮಾಡಿಸಿದರು. ಒಳಗಿದ್ದವರು ನೃತ್ಯಪಟುಗಳು; ಕಾಲಿಗೆ ಮರಗಾಲು ಕಟ್ಟಿಕೊಂಡು ಏಳಡಿಗೂ ಎತ್ತರವಾಗಿ, ಬಾಗಿಲಿಗೆ ತಲೆತಗ್ಗಿಸಿ ಒಳಗೆ ಬರುವ ಆ ಆಕೃತಿಗಳಿಗೆ ಒಂದು ಬಗೆಯ ನಾಜೂಕು ಇದೆ, ಅದೇ ಅವುಗಳ ಭಯ.

ಈ ಚಿತ್ರದ ನಿಜವಾದ ಸೊಗಸು ಸೈನಿಕರ ಮಾತಿನಲ್ಲಿದೆ. ಹಾರರ್ ಚಿತ್ರಗಳಲ್ಲಿ ಪಾತ್ರಗಳು ಸಾಮಾನ್ಯವಾಗಿ ಸಾಯುವುದಕ್ಕೆಂದೇ ಬಂದವರಂತೆ ಮಾತಾಡುತ್ತವೆ. ಇಲ್ಲಿಯ ಸೈನಿಕರ ದೊಡ್ಡ ದೂರು ಏನೆಂದರೆ, ಈ ದರಿದ್ರ ಕಸರತ್ತಿನಿಂದಾಗಿ ಇಂಗ್ಲೆಂಡ್ ಮತ್ತು ಜರ್ಮನಿಯ ಫುಟ್‌ಬಾಲ್ ಪಂದ್ಯ ತಪ್ಪಿಹೋಗುತ್ತಿದೆ ಎಂಬುದು. ಶಾನ್ ಪರ್ಟ್ವೀ ಮಾಡಿರುವ ಸಾರ್ಜೆಂಟ್ ವೆಲ್ಸ್‌ನ ಹೊಟ್ಟೆ ಸೀಳಿ ಕರುಳು ಹೊರಬಂದಾಗ ಅವನ ಹುಡುಗರು ಅದನ್ನು ಒಳಗೆ ತುರುಕಿ ಸೂಪರ್ ಗ್ಲೂ ಹಚ್ಚಿ ಅಂಟಿಸುತ್ತಾರೆ. ನೋಡುತ್ತಿರುವವನಿಗೆ ಹೊಟ್ಟೆ ತೊಳಸುತ್ತದೆ, ಅದೇ ಕ್ಷಣ ನಗುವೂ ಉಕ್ಕುತ್ತದೆ. ಸ್ಪೂನ್ ಎಂಬ ಅಡ್ಡಹೆಸರಿನ ಸೈನಿಕ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ ಪಾತ್ರೆಯಿಂದ, ಅದೂ ಹೋದ ಮೇಲೆ ಬರಿಗೈಯಿಂದ, ತನಗಿಂತ ಎತ್ತರದ ಮೃಗವನ್ನು ಗುದ್ದುತ್ತಾನೆ. ಇನ್ನೇನು ಅದರ ಬಾಯಿಗೆ ಬಿದ್ದೆ ಎನ್ನುವಾಗ, ನನ್ನನ್ನು ತಿಂದದ್ದಕ್ಕೆ ನಿನಗೆ ಹೊಟ್ಟೆ ಕೆಡಲಿ ಎಂಬ ಅರ್ಥ ಬರುವ ಮಾತನ್ನು ಅದಕ್ಕಿಂತ ಒರಟಾಗಿ ಹೇಳಿ ಸಾಯುತ್ತಾನೆ. ನ್ಯೂಕ್ಯಾಸಲ್‌ನಂಥ ದುಡಿಯುವ ಜನರ ಊರುಗಳಲ್ಲಿ, ಸಾವಿನ ಮನೆಯಲ್ಲೂ ನಿಲ್ಲದ ಗೇಲಿಯ ಮಾತಿನ ವರಸೆ ಇದು. ಅದಿಲ್ಲದೆ ಹೋಗಿದ್ದರೆ ‘ಡಾಗ್ ಸೋಲ್ಜರ್ಸ್’ ಹತ್ತರಲ್ಲಿ ಹನ್ನೊಂದನೆಯ ತೋಳಮಾನವ ಚಿತ್ರವಾಗಿ ಮರೆತುಹೋಗುತ್ತಿತ್ತು.

ಅದೇ ವರ್ಷದ ಕೊನೆಗೆ ಡ್ಯಾನಿ ಬಾಯ್ಲ್ ಅವರ ‘28 ಡೇಸ್ ಲೇಟರ್’ ಬಂತು, 2004ರಲ್ಲಿ ಎಡ್ಗರ್ ರೈಟ್ ಅವರ ‘ಶಾನ್ ಆಫ್ ದಿ ಡೆಡ್’ ಬಂತು. ಹ್ಯಾಮರ್ ಸಂಸ್ಥೆಯ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಚಿತ್ರಗಳ ಕಾಲ ಮುಗಿದ ಮೇಲೆ ಮಂಕಾಗಿದ್ದ ಬ್ರಿಟಿಷ್ ಹಾರರ್ ಈ ಎರಡು ಮೂರು ವರ್ಷಗಳಲ್ಲಿ ಮತ್ತೆ ಎದ್ದು ನಿಂತಿತು. ಎದ್ದು ನಿಂತವರ ಸಾಲಿನಲ್ಲಿ ಮೊದಲು ಕಾಲೂರಿದವರು ಮಾರ್ಷಲ್ ಎಂಬುದನ್ನು ಇತಿಹಾಸ ಬರೆಯುವವರು ಆಗಾಗ ಮರೆಯುತ್ತಾರೆ.

ಇನ್ನು ‘ದಿ ಡಿಸೆಂಟ್’. ನೀವು ಈಗತಾನೆ ನೋಡಿರುವುದರಿಂದ, ಆರು ಮಂದಿ ಗೆಳತಿಯರು ಗುಹೆಗಿಳಿದು ಅಲ್ಲಿ ಅಡಗಿದ್ದ ಜೀವಿಗಳ ನಡುವೆ ಸಿಕ್ಕಿಬೀಳುವ ಕಥೆಯನ್ನು ಮತ್ತೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಆದರೆ ತೆಗೆದ ರೀತಿಯನ್ನು ಹೇಳಬೇಕು. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಕೆಳಗಿನ ಗುಹೆ ಎಂದು ನಾವು ನಂಬಿ ನೋಡಿದ್ದು ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೋದ ಒಳಗೆ ಕಟ್ಟಿದ ಸೆಟ್. ಮೇಲಿನ ಕಾಡು ಸ್ಕಾಟ್ಲೆಂಡಿನದು. ನಿಜವಾದ ಗುಹೆಗೆ ಕಲಾವಿದರನ್ನೂ ಕ್ಯಾಮೆರಾವನ್ನೂ ಇಳಿಸುವುದು ಅಪಾಯವೂ ಹೌದು, ದಿನಗಟ್ಟಲೆ ಸಮಯ ತಿನ್ನುವ ಕೆಲಸವೂ ಹೌದು. ಕಲಾ ನಿರ್ದೇಶನ ಹೊತ್ತಿದ್ದ ಸೈಮನ್ ಬೋಲ್ಸ್ ಕೆಲವೇ ಬಂಡೆಗೋಡೆಗಳನ್ನು ತಿರುಗಿಸಿ, ಮಗುಚಿ, ಮತ್ತೆ ಜೋಡಿಸಿ ಮೈಲಿಗಟ್ಟಲೆ ಹಬ್ಬಿದ ಗುಹೆಯ ಭ್ರಮೆಯನ್ನು ಹುಟ್ಟಿಸಿದರು. 2004ರ ಡಿಸೆಂಬರ್‌ನಲ್ಲಿ ಶುರುವಾದ ಚಿತ್ರೀಕರಣ ಮರುವರ್ಷದ ಫೆಬ್ರುವರಿಗೆ ಮುಗಿಯಿತು. ಒಟ್ಟು ವೆಚ್ಚ ಸುಮಾರು 35 ಲಕ್ಷ ಪೌಂಡ್, ಹಾಲಿವುಡ್ಡಿನ ಲೆಕ್ಕದಲ್ಲಿ ಜುಜುಬಿ ಮೊತ್ತ.

ಛಾಯಾಗ್ರಾಹಕ ಸ್ಯಾಮ್ ಮೆಕರ್ಡಿ ಮತ್ತು ಮಾರ್ಷಲ್ ಇಲ್ಲಿ ಒಂದು ಕಟ್ಟುಪಾಡನ್ನು ತಮಗೆ ತಾವೇ ಹಾಕಿಕೊಂಡರು. ಗುಹೆಯ ಒಳಗೆ ಬೆಳಕು ಎಂದರೆ ಆ ಆರು ಮಂದಿ ಹೆಂಗಸರು ತಂದಿರುವ ಬೆಳಕು ಮಾತ್ರ ಎಂಬಂತೆ ಪ್ರತಿ ದೃಶ್ಯವೂ ಕಾಣಬೇಕು. ಹೆಲ್ಮೆಟ್ಟಿನ ದೀಪ, ಕೆಂಪಗೆ ಉರಿಯುವ ಫ್ಲೇರ್, ಹಸಿರು ಹೊಳಪಿನ ಕಡ್ಡಿ, ಕೊನೆಗೆ ಕ್ಯಾಮ್‌ಕಾರ್ಡರಿನ ಇನ್ಫ್ರಾರೆಡ್ ಕಣ್ಣು. ಸಾಮಾನ್ಯ ಚಿತ್ರಗಳಲ್ಲಿ ಕತ್ತಲ ಗುಹೆ ಎಂದರೆ ಎಲ್ಲಿಂದಲೋ ಬಂದ ನೀಲಿ ಬೆಳದಿಂಗಳು ಬಂಡೆಗಳ ಮೇಲೆಲ್ಲ ಬಿದ್ದಿರುತ್ತದೆ, ಸೂರ್ಯ ಚಂದ್ರರಿಗೆ ಅಲ್ಲೇನು ಕೆಲಸ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಚೌಕಟ್ಟಿನ ಮುಕ್ಕಾಲು ಭಾಗ ಹಲವು ಸಲ ಬರಿಯ ಕಪ್ಪು. ಆ ಕಪ್ಪಿನಲ್ಲಿ ಏನಿದೆ ಎಂದು ಹುಡುಕುತ್ತ ಹುಡುಕುತ್ತ ನಮ್ಮ ಕಣ್ಣೇ ನಮ್ಮನ್ನು ಹೆದರಿಸಲು ತೊಡಗುತ್ತದೆ.

ಇಂದು ಸಭಾಂಗಣದಲ್ಲಿ ನಾನು ಪರದೆಗಿಂತ ಹೆಚ್ಚಾಗಿ ನಿಮ್ಮನ್ನು ನೋಡುತ್ತಿದ್ದೆ. ಎಲ್ಲರೂ ಕುರ್ಚಿಯ ತುದಿಗೆ ಬಂದದ್ದು ರಾಕ್ಷಸಾಕೃತಿಗಳು ಕಾಣಿಸಿಕೊಂಡಾಗ ಅಲ್ಲ, ಅದಕ್ಕಿಂತ ಬಹಳ ಮೊದಲು, ಸಾರಾ ಆ ಇಕ್ಕಟ್ಟಾದ ಕೊಳವೆಯಂಥ ಸಂದಿಯಲ್ಲಿ ಸಿಕ್ಕಿಕೊಂಡಾಗ. ಹೊಟ್ಟೆಯ ಮೇಲೆ ತೆವಳುತ್ತ ಹೋಗುವಾಗ ಅವಳ ಹೆಗಲು ಬಂಡೆಗೆ ಕಚ್ಚಿಕೊಳ್ಳುತ್ತದೆ. ಮುಂದೆ ಹೋಗಲಾಗದು, ಹಿಂದೆ ಸರಿಯಲಾಗದು, ಉಸಿರು ದೊಡ್ಡದಾದಷ್ಟೂ ಎದೆ ಉಬ್ಬಿ ಬಂಡೆ ಇನ್ನಷ್ಟು ಬಿಗಿಯುತ್ತದೆ. ಗೆಳತಿ ಬೆತ್ ವಾಪಸು ತೆವಳಿ ಬಂದು, ಕಣ್ಣಿಗೆ ಕಣ್ಣಿಟ್ಟು, ಒಂದು ಪೋಲಿ ಹಾಸ್ಯ ಹೇಳಿ ಅವಳ ಉಸಿರನ್ನು ಹದಕ್ಕೆ ತರುತ್ತಾಳೆ. ಸಾರಾ ಸಡಿಲವಾಗುತ್ತಾಳೆ, ಅಷ್ಟರಲ್ಲಿ ಮೇಲಿನಿಂದ ಮಣ್ಣು ಉದುರತೊಡಗುತ್ತದೆ. ಈ ದೃಶ್ಯದಲ್ಲಿ ಭೂತವಿಲ್ಲ, ಪಿಶಾಚಿಯಿಲ್ಲ. ಚಿತ್ರದ ಅರ್ಧ ದೂರ ಸಾಗುವವರೆಗೂ ನಮ್ಮನ್ನು ಹೀಗೆ ಬಂಡೆಯಿಂದಲೇ ಹೆದರಿಸಿ, ಇನ್ನು ತಾಳಲಾರೆ ಎನ್ನುವ ಹೊತ್ತಿಗೆ ಮಾರ್ಷಲ್ ತಮ್ಮ ತೆವಳುಗರನ್ನು, ಅಂದರೆ ಗುಹೆಯ ಆ ರಾಕ್ಷಸಾಕೃತಿಗಳನ್ನು, ಹೊರಗೆ ಬಿಡುತ್ತಾರೆ. ಆ ಪಾತ್ರಧಾರಿಗಳ ವೇಷವನ್ನು ಮೊದಲ ಮುಖಾಮುಖಿಯ ದೃಶ್ಯ ತೆಗೆಯುವವರೆಗೆ ನಟಿಯರಿಗೆ ತೋರಿಸಿರಲೇ ಇಲ್ಲ, ಹೀಗಾಗಿ ಪರದೆಯ ಮೇಲೆ ಕೇಳಿದ ಮೊದಲ ಕಿರುಚಾಟದಲ್ಲಿ ನಟನೆಯ ಪಾಲು ಕಡಿಮೆ.

ಆರೂ ಪಾತ್ರಗಳು ಹೆಂಗಸರೇ ಆದದ್ದರ ಬಗ್ಗೆಯೂ ಒಂದು ಮಾತು. ಮೊದಲ ಕಲ್ಪನೆಯಲ್ಲಿ ತಂಡದಲ್ಲಿ ಗಂಡಸರೂ ಇದ್ದರು. ಹೆಂಗಸರು ಮಾತ್ರ ಇರುವ ಹಾರರ್ ಚಿತ್ರ ಬಹುಮಟ್ಟಿಗೆ ಇಲ್ಲವೇ ಇಲ್ಲವಲ್ಲ ಎಂದು ಅವರ ವ್ಯವಹಾರ ನೋಡಿಕೊಳ್ಳುವವರು ಸೂಚಿಸಿದ ಮೇಲೆ ಮಾರ್ಷಲ್ ಎಲ್ಲವನ್ನೂ ಬದಲಿಸಿದರು. ಬದಲಿಸಿದ ಮೇಲೆ ಆ ಹೆಂಗಸರನ್ನು ಪರಸ್ಪರ ರಕ್ಷಿಸುವ ದೇವತೆಗಳನ್ನಾಗಿ ಮಾಡಲಿಲ್ಲ ಎಂಬುದೇ ನನಗೆ ಮೆಚ್ಚುಗೆಯಾದ ಸಂಗತಿ. ಜುನೋ ತನ್ನ ಗೆಳತಿಯ ಗಂಡನ ಜತೆ ಸಂಬಂಧವಿದ್ದವಳು, ಗೊತ್ತಿರುವ ಗುಹೆಯೆಂದು ಸುಳ್ಳು ಹೇಳಿ ಗೊತ್ತಿಲ್ಲದ ಗುಹೆಗೆ ಎಲ್ಲರನ್ನೂ ಇಳಿಸಿದವಳು, ಗಾಬರಿಯಲ್ಲಿ ತಿರುಗಿ ಬೀಸಿದ ಗುದ್ದಲಿಯಿಂದ ಬೆತ್‌ಳ ಕುತ್ತಿಗೆಯನ್ನೇ ಸೀಳಿದವಳು. ಆದರೂ ಎಲ್ಲರಿಗಿಂತ ಗಟ್ಟಿಯಾಗಿ ಹೋರಾಡುವವಳೂ ಅವಳೇ. ನಟಾಲಿ ಮೆಂಡೋಜಾ ಆ ಪಾತ್ರಕ್ಕೆ ಕ್ಷಮೆ ಕೇಳದೆ ನಿಲ್ಲುವ ಒಂದು ಗಡಸುತನವನ್ನು ಕೊಟ್ಟಿದ್ದಾರೆ. ಸಾರಾ ಆಗಿ ಶೌನಾ ಮೆಕ್‌ಡೊನಾಲ್ಡ್ ಮೊದಲ ಅರ್ಧ ಗಂಟೆಯಲ್ಲಿ ಎಷ್ಟು ಮೆತ್ತಗಿದ್ದರೋ ಕೊನೆಯ ಅರ್ಧ ಗಂಟೆಯಲ್ಲಿ ಅಷ್ಟೇ ಕ್ರೂರವಾಗುತ್ತಾರೆ. ಕೆಳಗಿಳಿಯುವುದು ಎಂಬ ಶೀರ್ಷಿಕೆಗೆ ಗುಹೆಯಷ್ಟೇ ಅರ್ಥವಲ್ಲ ಎಂದು ಆಗ ಹೊಳೆಯುತ್ತದೆ.

ಬಿಡುಗಡೆಯ ಕಥೆ ಇನ್ನೂ ವಿಚಿತ್ರವಾದದ್ದು. ‘ದಿ ಕೇವ್’ ಎಂಬ ಅಮೆರಿಕದ ದೊಡ್ಡ ಬಜೆಟ್ಟಿನ ಚಿತ್ರವೊಂದು ಅದೇ ವರ್ಷ ಗುಹೆಯನ್ನೂ ರಾಕ್ಷಸರನ್ನೂ ಇಟ್ಟುಕೊಂಡು ಬರುವುದಿತ್ತು; ಅದಕ್ಕಿಂತ ಮೊದಲೇ ತೆರೆಗೆ ಬರಬೇಕೆಂದು ಮಾರ್ಷಲ್ ತಂಡ ಅವಸರ ಮಾಡಿ 2005ರ ಜುಲೈ 8ರಂದು ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿತು. ಅದರ ಹಿಂದಿನ ದಿನ, ಜುಲೈ 7ರ ಬೆಳಿಗ್ಗೆ, ಲಂಡನ್ನಿನ ಸುರಂಗ ರೈಲುಗಳಲ್ಲಿ ಮತ್ತು ಟ್ಯಾವಿಸ್ಟಾಕ್ ಚೌಕದಲ್ಲಿ ಒಂದು ಡಬಲ್ ಡೆಕ್ಕರ್ ಬಸ್ಸಿನಲ್ಲಿ ಬಾಂಬುಗಳು ಸಿಡಿದು 52 ಮಂದಿ ಸತ್ತರು. ಮೇಲ್ಛಾವಣಿ ಹಾರಿಹೋದ ಆ ಬಸ್ಸಿನ ಪಕ್ಕೆಯ ಮೇಲೆ ಈ ಚಿತ್ರದ ಜಾಹೀರಾತು ಇತ್ತು, ಅದರಲ್ಲಿ ಅಪ್ಪಟ ಭಯೋತ್ಪಾದನೆ ಎಂದು ಅರ್ಥ ಬರುವ ಹೊಗಳಿಕೆಯ ಮಾತು ದೊಡ್ಡ ಅಕ್ಷರಗಳಲ್ಲಿತ್ತು. ನೆಲದ ಕೆಳಗೆ ಸಿಕ್ಕಿಬಿದ್ದ ಜನರ ಕಥೆಯನ್ನು ನೋಡಲು ಆ ವಾರ ಲಂಡನ್ನಿನಲ್ಲಿ ಯಾರಿಗೆ ಮನಸ್ಸಾದೀತು? ಪ್ರಚಾರದ ಚಿತ್ರಗಳನ್ನೆಲ್ಲ ಬದಲಿಸಬೇಕಾಯಿತು. ಹೀಗಿದ್ದೂ ಚಿತ್ರ ನಿಧಾನವಾಗಿ ಜನರನ್ನು ಮುಟ್ಟಿತು. ಆ ವರ್ಷದ ಬ್ರಿಟಿಷ್ ಇಂಡಿಪೆಂಡೆಂಟ್ ಫಿಲ್ಮ್ ಪ್ರಶಸ್ತಿಗಳಲ್ಲಿ ಮಾರ್ಷಲ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು, ಜಗತ್ತಿನಾದ್ಯಂತ ಗಳಿಕೆ 5 ಕೋಟಿ 70 ಲಕ್ಷ ಡಾಲರಿನ ಆಸುಪಾಸಿಗೆ ಮುಟ್ಟಿತು. ಪತ್ರಕರ್ತ ಅಲನ್ ಜೋನ್ಸ್ 2006ರಲ್ಲಿ ಹೊಸ ಕಾಲದ ರಕ್ತಸಿಕ್ತ ಚಿತ್ರಗಳ ನಿರ್ದೇಶಕರ ಒಂದು ಗುಂಪಿಗೆ ‘ಸ್ಪ್ಲಾಟ್ ಪ್ಯಾಕ್’ ಎಂದು ಹೆಸರಿಟ್ಟಾಗ ಈಲೈ ರಾತ್, ಜೇಮ್ಸ್ ವಾನ್ ಮುಂತಾದವರ ಜತೆ ಮಾರ್ಷಲ್ ಹೆಸರೂ ಸೇರಿತು. ಆ ಹಣೆಪಟ್ಟಿ ಅವರಿಗೆ ಸರಿಯಾಗಿ ಹೊಂದುವುದಿಲ್ಲ ಎಂದು ನನ್ನ ವಾದ. ಚಿತ್ರಹಿಂಸೆಯನ್ನು ನೋಡಿ ಸವಿಯುವ ಕ್ಯಾಮೆರಾ ಅವರದಲ್ಲ, ಅವರ ಜನ ಕಟ್ಟಿಹಾಕಿಸಿಕೊಂಡು ಸಾಯುವುದಿಲ್ಲ, ಕಾದಾಡಿ ಸಾಯುತ್ತಾರೆ.

ಗೆದ್ದವನಿಗೆ ದೊಡ್ಡ ಹಣ ಸಿಗುವುದು ಈ ಉದ್ಯಮದ ಪದ್ಧತಿ. 2008ರ ‘ಡೂಮ್ಸ್‌ಡೇ’ಗೆ ಸುಮಾರು 1 ಕೋಟಿ 70 ಲಕ್ಷ ಪೌಂಡ್ ಸಿಕ್ಕಿತು, ಅಂದರೆ ಹಿಂದಿನ ಚಿತ್ರದ ಐದು ಪಟ್ಟು. ಹೇಡ್ರಿಯನ್ನನ ಗೋಡೆಯನ್ನು ಮತ್ತೆ ಕಟ್ಟಬೇಕಾದ ಸನ್ನಿವೇಶ ಯಾವುದಿರಬಹುದು ಎಂಬ ಹಳೆಯ ಹಗಲುಗನಸಿನಿಂದ ಹುಟ್ಟಿದ ಕಥೆ ಅದು. ಮಾರಕ ವೈರಸ್ ಹರಡಿದ ಸ್ಕಾಟ್ಲೆಂಡನ್ನು ಉಕ್ಕಿನ ಗೋಡೆ ಹಾಕಿ ಮುಚ್ಚಿಬಿಡುತ್ತಾರೆ, ಕಾಲು ಶತಮಾನದ ನಂತರ ಔಷಧಿ ಹುಡುಕಿಕೊಂಡು ಒಂದು ಸಣ್ಣ ತಂಡ ಒಳಗೆ ಹೋಗುತ್ತದೆ. ಈ ಅಡಿಪಾಯ ಭರ್ಜರಿಯಾಗಿದೆ, 2020ರ ನಂತರ ನೋಡಿದರೆ ಮೊದಲ ಹತ್ತು ನಿಮಿಷ ಮೈ ಜುಮ್ಮೆನ್ನುತ್ತದೆ. ಆದರೆ ಗೋಡೆ ದಾಟಿದ ಮೇಲೆ ಚಿತ್ರಕ್ಕೆ ಗೋಡೆಯೇ ಇಲ್ಲ. ನರಭಕ್ಷಕ ಪುಂಡರ ನಗರ, ಅದರಾಚೆ ಕವಚ ತೊಟ್ಟ ಸೈನಿಕರಿರುವ ಮಧ್ಯಯುಗದ ಕೋಟೆ, ಕೊನೆಗೆ ಬೆಂಟ್ಲಿ ಕಾರಿನ ಬೆನ್ನಟ್ಟುವಿಕೆ; ಬಾಲ್ಯದಲ್ಲಿ ಇಷ್ಟಪಟ್ಟ ಚಿತ್ರಗಳನ್ನೆಲ್ಲ ಒಂದೇ ಬಾಳೆ ಎಲೆಯ ಮೇಲೆ ಬಡಿಸಿದಂತಿದೆ. ರೋನಾ ಮಿತ್ರ, ಬಾಬ್ ಹಾಸ್ಕಿನ್ಸ್, ಮಾಲ್ಕಮ್ ಮೆಕ್‌ಡವೆಲ್ ಅಂಥವರಿದ್ದರೂ ಹಾಕಿದ ಹಣ ಮರಳಲಿಲ್ಲ. ನನಗೆ ಈ ಚಿತ್ರದ ಬಗ್ಗೆ ಒಂದು ಗುಟ್ಟಾದ ಅಕ್ಕರೆಯಿದೆ, ಆದರೆ ಅಕ್ಕರೆಯನ್ನು ವಿಮರ್ಶೆಯೆಂದು ನಿಮ್ಮ ಮುಂದೆ ಇಡಲಾರೆ.

2010ರ ‘ಸೆಂಚುರಿಯನ್’ ಅದಕ್ಕಿಂತ ಸಂಯಮದ ಕೆಲಸ. ಕ್ರಿ.ಶ. 117ರಲ್ಲಿ ಕ್ಯಾಲಿಡೋನಿಯಾಕ್ಕೆ, ಅಂದರೆ ಇಂದಿನ ಸ್ಕಾಟ್ಲೆಂಡಿಗೆ, ನುಗ್ಗಿದ ರೋಮನ್ನರ ಒಂಬತ್ತನೆಯ ಪಡೆ ನಾಶವಾಗಿ ಉಳಿದ ಕೆಲವರು ದಕ್ಷಿಣಕ್ಕೆ ಓಡುವ ಕಥೆ. ಇತಿಹಾಸದಲ್ಲಿ ಆ ಪಡೆ ಹೀಗೆ ಅಳಿಯಿತೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಬ್ರಿಟನ್ನಿನಲ್ಲಿ ಅದರ ಹೆಸರಿರುವ ಕೊನೆಯ ಕಾಲನಿಶ್ಚಿತ ಶಾಸನ ಯಾರ್ಕ್ ನಗರದ್ದು, ಕ್ರಿ.ಶ. 108ರದು, ಅನಂತರದ ಗುರುತುಗಳು ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ಸಿಕ್ಕಿವೆ. ಆದರೆ ಮಾರ್ಷಲ್‌ಗೆ ಬೇಕಾದದ್ದು ಇತಿಹಾಸವಲ್ಲ, ಓಟ. ಮೈಕಲ್ ಫಾಸ್‌ಬೆಂಡರ್ ಬರಿಮೈಯಲ್ಲಿ ಹಿಮದ ಬೆಟ್ಟದ ಮೇಲೆ ಓಡುವ ಮೊದಲ ದೃಶ್ಯದಲ್ಲಿ ಕಾಣುವ ಚಳಿ ನಿಜವಾದದ್ದು, ಸ್ಕಾಟ್ಲೆಂಡಿನ ಬೆಟ್ಟಗಳಲ್ಲೇ ಅದನ್ನು ತೆಗೆದರು. ಚಿತ್ರಮಂದಿರದಲ್ಲಿ ಇದೂ ಸೋತಿತು. ಎರಡು ಸೋಲಿನ ನಂತರ ಬ್ರಿಟನ್ನಿನಲ್ಲಿ ಒಬ್ಬ ನಿರ್ದೇಶಕನಿಗೆ ಹಣ ಹುಟ್ಟುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ಅಲ್ಲಿಂದ ಅವರನ್ನು ಎತ್ತಿ ನಿಲ್ಲಿಸಿದ್ದು ದೂರದರ್ಶನ, ಅದೂ ಆಕಸ್ಮಿಕವಾಗಿ. ‘ಗೇಮ್ ಆಫ್ ಥ್ರೋನ್ಸ್’ ಎರಡನೆಯ ಋತುವಿನ ಒಂಬತ್ತನೆಯ ಕಂತು ‘ಬ್ಲ್ಯಾಕ್‌ವಾಟರ್’ಗೆ ಗೊತ್ತಾಗಿದ್ದ ನಿರ್ದೇಶಕರು ವೈಯಕ್ತಿಕ ತುರ್ತಿನಿಂದ ಹಿಂದೆ ಸರಿಯಬೇಕಾಯಿತು. ಕಡಿಮೆ ಹಣದಲ್ಲಿ ದೊಡ್ಡ ಕಾಳಗ ತೋರಿಸಬಲ್ಲವರು ಯಾರು ಎಂದು ಹುಡುಕಿದವರಿಗೆ ‘ಸೆಂಚುರಿಯನ್’ ನೆನಪಾಯಿತು. ಸಿದ್ಧತೆಗೆ ಸಿಕ್ಕಿದ್ದು ಸುಮಾರು ಒಂದು ವಾರ. ಅದುವರೆಗೆ ಆ ಸರಣಿ ಏಳು ಕಡೆಯ ಕಥೆಗಳನ್ನು ಒಂದೊಂದು ಕಂತಿನಲ್ಲಿ ಹಂಚಿಕೊಂಡು ಸಾಗುತ್ತಿತ್ತು. ಮೂಲ ಕಾದಂಬರಿಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರೇ ಬರೆದ ಈ ಕಂತು ಒಂದೇ ನಗರದಲ್ಲಿ, ಒಂದೇ ರಾತ್ರಿಯಲ್ಲಿ ನಿಲ್ಲುತ್ತದೆ. ಮುತ್ತಿಗೆಗೆ ಒಳಗಾದ ಗೋಡೆ, ಮೇಲೆ ನಡುಗುವ ಕೈಗಳು, ಕೆಳಗೆ ಏಣಿ ಹೊತ್ತು ಬರುವ ಶತ್ರು: ಮಾರ್ಷಲ್‌ಗೆ ಇದು ಊರಿನ ದಾರಿ. ಹಸಿರು ಬೆಂಕಿ ಕೊಲ್ಲಿಯನ್ನು ನುಂಗುವ ಆ ಸ್ಫೋಟ ಎಲ್ಲರಿಗೂ ನೆನಪಿರುತ್ತದೆ. ಆದರೆ ಅದಕ್ಕೆ ಮುನ್ನಿನ ಮೌನವನ್ನು ಗಮನಿಸಿ. ಒಂದೇ ಒಂಟಿ ಹಡಗು, ಅದರಿಂದ ನೀರಿಗೆ ತೊಟ್ಟಿಕ್ಕುವ ಹಸಿರು ದ್ರವ, ಅದನ್ನು ಗುರುತಿಸಿದ, ಶತ್ರುಪಡೆಯ ಹಡಗಿನಲ್ಲಿರುವ ದಾವೊಸ್‌ನ ಮುಖ. ಆ ದಾವೊಸ್ ಲಿಯಮ್ ಕನಿಂಗ್‌ಹ್ಯಾಮ್, ಹತ್ತು ವರ್ಷ ಹಿಂದೆ ‘ಡಾಗ್ ಸೋಲ್ಜರ್ಸ್’ನಲ್ಲಿ ಕ್ಯಾಪ್ಟನ್ ರಯನ್ ಆಗಿದ್ದವರು. 2012ರ ಮೇ 27ರಂದು ಪ್ರಸಾರವಾದ ಈ ಕಂತಿಗೆ ಮರುವರ್ಷ ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂತು.

ಎರಡು ವರ್ಷದ ನಂತರ, ನಾಲ್ಕನೆಯ ಋತುವಿನ ‘ದಿ ವಾಚರ್ಸ್ ಆನ್ ದಿ ವಾಲ್’. ಇಲ್ಲಿ ಒಂದು ವೃತ್ತ ಪೂರ್ಣವಾಗುತ್ತದೆ. ಮಾರ್ಟಿನ್ 1981ರಲ್ಲಿ ಹೇಡ್ರಿಯನ್ನನ ಗೋಡೆಯ ಮೇಲೆ ನಿಂತು ಉತ್ತರಕ್ಕೆ ನೋಡಿದಾಗ, ರೋಮನ್ ಕಾವಲುಗಾರನಿಗೆ ಇಲ್ಲಿ ಹೇಗನಿಸಿರಬಹುದು ಎಂದು ಯೋಚಿಸಿದ್ದರಿಂದಲೇ ತಮ್ಮ ಕಾದಂಬರಿಯ ಹಿಮದ ಗೋಡೆ ಹುಟ್ಟಿತೆಂದು ಹೇಳಿಕೊಂಡಿದ್ದಾರೆ. ಆ ಕಾಲ್ಪನಿಕ ಗೋಡೆಯ ಕಾಳಗವನ್ನು ತೆರೆಗೆ ತರುವ ಕೆಲಸ, ನಿಜವಾದ ಗೋಡೆ ಕೊನೆಗೊಳ್ಳುವ ಊರಿನವನ ಪಾಲಿಗೆ ಬಂತು. ಉತ್ತರ ಐರ್ಲೆಂಡಿನ ಮ್ಯಾಗೆರಾಮೋರ್ನ್ ಕಲ್ಲುಗಣಿಯಲ್ಲಿ ಕಟ್ಟಿದ್ದ, ಹಿಮದ ಗೋಡೆಯ ಬುಡದ ಕಾವಲುಕೋಟೆ ಕ್ಯಾಸಲ್ ಬ್ಲ್ಯಾಕ್‌ನ ಸೆಟ್ಟಿಗೆ ಒಂದು ವಿಶೇಷವಿತ್ತು: ಅದು ನಾಲ್ಕೂ ಸುತ್ತಿನಲ್ಲಿ ಪೂರ್ತಿ ಕಟ್ಟಿದ ಅಂಗಳ, ಕ್ಯಾಮೆರಾ ಯಾವ ಕಡೆ ತಿರುಗಿದರೂ ಬಚ್ಚಿಡಬೇಕಾದ್ದು ಏನೂ ಇರಲಿಲ್ಲ. ಅದನ್ನು ಕಂಡ ಮಾರ್ಷಲ್ ಅಂಗಳದ ನಡುವೆ ಕ್ರೇನ್ ನಿಲ್ಲಿಸಿ, ಒಂದೇ ಬೀಸಿನಲ್ಲಿ ಪೂರ್ತಿ ಒಂದು ಸುತ್ತು ತಿರುಗುವ ಶಾಟ್ ಯೋಜಿಸಿದರು. ಮೆಟ್ಟಿಲಿಳಿದು ಬರುವ ಜಾನ್ ಸ್ನೋ, ಕೊಡಲಿ ಬೀಸುವ ಟಾರ್ಮಂಡ್, ಬಿಲ್ಲು ಹೂಡಿದ ಇಗ್ರಿಟ್, ಹೀಗೆ ಹೋರಾಡುತ್ತಿರುವ ಪ್ರತಿಯೊಬ್ಬರನ್ನೂ ಕ್ಯಾಮೆರಾ ಹಾದುಹೋಗುತ್ತದೆ. ಯಾರು ಯಾರಿಂದ ಎಷ್ಟು ದೂರವಿದ್ದಾರೆ ಎಂಬುದು ಅರ್ಧ ನಿಮಿಷದೊಳಗೆ ನಮಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗುತ್ತದೆ. ಕತ್ತರಿಸಿ ಜೋಡಿಸುವುದರಲ್ಲಿ ಪಳಗಿದವನು ಕತ್ತರಿಯನ್ನೇ ಕೆಳಗಿಟ್ಟ ಸಂದರ್ಭ ಇದು. ಈ ಕಂತಿಗಾಗಿ ಅವರಿಗೆ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ದೊರೆಯಿತು.

ಮುಂದಿನ ಕೆಲವು ವರ್ಷ ಅವರಿಗೆ ಕೆಲಸದ ಕೊರತೆಯಿರಲಿಲ್ಲ. ‘ಬ್ಲ್ಯಾಕ್ ಸೇಲ್ಸ್’, ‘ಕಾನ್‌ಸ್ಟಂಟೈನ್’, ‘ಟೈಮ್‌ಲೆಸ್’, ‘ಲಾಸ್ಟ್ ಇನ್ ಸ್ಪೇಸ್’ ಸರಣಿಗಳ ಮೊದಲ ಕಂತುಗಳು, ‘ಹ್ಯಾನಿಬಲ್’ ಮತ್ತು ‘ವೆಸ್ಟ್‌ವರ್ಲ್ಡ್’ನಲ್ಲಿ ಒಂದೊಂದು ಕಂತು ಅವರ ಕೈಯಲ್ಲಿ ಮೂಡಿದವು. ಎಲ್ಲವೂ ಅಚ್ಚುಕಟ್ಟು. ಆದರೆ ಕಂತು ಮಾಡಿಕೊಡುವವನು ಬೇರೆಯವರ ಮನೆಗೆ ಗೋಡೆ ಎಬ್ಬಿಸುವ ಮೇಸ್ತ್ರಿ. ಮನೆಯ ನಕ್ಷೆ ಅವನದಲ್ಲ.

2019ರಲ್ಲಿ ಒಂಬತ್ತು ವರ್ಷಗಳ ಬಳಿಕ ಹಿರಿತೆರೆಗೆ ಪೂರ್ಣ ಪ್ರಮಾಣದ ಚಿತ್ರದೊಂದಿಗೆ ಮರಳಿದಾಗ ಕೈಗೆ ಬಂದದ್ದು ‘ಹೆಲ್‌ಬಾಯ್’. ಗಿಲೆರ್ಮೊ ಡೆಲ್ ಟೊರೊ ಎರಡು ಚಿತ್ರಗಳಲ್ಲಿ ರೂಪಿಸಿ ಜನ ಮೆಚ್ಚಿದ್ದ ಪಾತ್ರವನ್ನು ಡೇವಿಡ್ ಹಾರ್ಬರ್ ಅವರೊಂದಿಗೆ ಹೊಸದಾಗಿ ಕಟ್ಟುವ ಯೋಜನೆ. ಸುಮಾರು 5 ಕೋಟಿ ಡಾಲರ್ ವೆಚ್ಚವಾಗಿ, ಗಳಿಕೆ ಅದಕ್ಕಿಂತ ಸ್ವಲ್ಪವೇ ಮೇಲೆ ನಿಂತಿತು. ಪ್ರಚಾರದ ಖರ್ಚು ಸೇರಿಸಿದರೆ ನಷ್ಟವೇ. ವಿಮರ್ಶಕರು ನಿರ್ದಯವಾಗಿ ಬರೆದರು. ಚಿತ್ರಕಥೆ ಚೆನ್ನಾಗಿರಲಿಲ್ಲ, ತನ್ನ ಕೈಯಲ್ಲಿ ಅಧಿಕಾರವಿರಲಿಲ್ಲ ಎಂದು ಮಾರ್ಷಲ್ ಅನಂತರದ ಸಂದರ್ಶನಗಳಲ್ಲಿ ಆ ಚಿತ್ರದಿಂದ ದೂರ ಸರಿದು ಮಾತಾಡಿದ್ದಾರೆ. ಸೆಟ್ಟಿನಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ದೂರದಿಂದ ತೀರ್ಪು ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಪರದೆಯ ಮೇಲೆ ಕಾಣುವುದನ್ನು ಮಾತ್ರ ಹೇಳಬಹುದು: ಆ ಚಿತ್ರ ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತದೆ, ಯಾವ ಜಾಗವೂ ನಮ್ಮ ತಲೆಯಲ್ಲಿ ನಿಲ್ಲುವುದಿಲ್ಲ.

ಅಲ್ಲಿಂದೀಚೆಗೆ ಅವರು ಮತ್ತೆ ಸಣ್ಣ ಹಣದ ಚಿತ್ರಗಳಿಗೆ ಹಿಂದಿರುಗಿದ್ದಾರೆ. 1665ರ ಪ್ಲೇಗಿನ ಕಾಲದಲ್ಲಿ ಮಾಟಗಾತಿಯೆಂಬ ಆರೋಪ ಹೊತ್ತ ವಿಧವೆಯ ಕಥೆ ‘ದಿ ರೆಕನಿಂಗ್’, ಅಫ್ಘಾನಿಸ್ತಾನದಲ್ಲಿ ಸೋವಿಯತ್ ಕಾಲದ ಭೂಗತ ಬಂಕರೊಂದರಿಂದ ಹೊರಬೀಳುವ ಜೀವಿಗಳ ಕಥೆ ‘ದಿ ಲೇರ್’, ಅಪರಾಧ ಜಗತ್ತಿನ ‘ಡಚೆಸ್’. ಮೂರರಲ್ಲೂ ಶಾರ್ಲಟ್ ಕರ್ಕ್ ನಾಯಕಿ ಮತ್ತು ಸಹಲೇಖಕಿ. ‘ದಿ ಲೇರ್’ನಲ್ಲಿ ಸೈನಿಕರು, ಗುಂಡುಗಳ ಲೆಕ್ಕ, ಒರಟು ತಮಾಷೆ, ಕತ್ತಲ ಸುರಂಗ ಎಲ್ಲವೂ ಇವೆ, ಇಲ್ಲದಿರುವುದು ಸ್ಪೂನ್‌ನಂಥ ಒಬ್ಬ ಮನುಷ್ಯ. ಹಳೆಯ ಅಡುಗೆಯ ಸಾಮಗ್ರಿಗಳನ್ನೆಲ್ಲ ತಂದಿಟ್ಟರೂ ಒಗ್ಗರಣೆಯ ಪರಿಮಳ ಬರಲಿಲ್ಲ. ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ನೀವು ನೋಡಿದ್ದು ಬ್ರಿಟನ್ನಿನ ಪ್ರತಿ. ಸಾರಾ ಮೂಳೆಗಳ ರಾಶಿಯನ್ನು ಹತ್ತಿ ಬೆಳಕಿಗೆ ಬರುತ್ತಾಳೆ, ಕಾರು ಓಡಿಸಿಕೊಂಡು ಹೋಗಿ ರಸ್ತೆಯ ಬದಿ ನಿಲ್ಲಿಸುತ್ತಾಳೆ, ಪಕ್ಕದ ಸೀಟಿನಲ್ಲಿ ರಕ್ತಸಿಕ್ತ ಜುನೋ ಕೂತಿರುವುದು ಕಂಡು ಚೀರುತ್ತಾಳೆ, ಆಗ ಎಚ್ಚರವಾಗುತ್ತದೆ. ಅವಳು ಗುಹೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಎದುರಿಗೆ ಸತ್ತುಹೋದ ಮಗಳು ಹುಟ್ಟುಹಬ್ಬದ ಕೇಕಿನ ಮುಂದೆ ಕೂತಿದ್ದಾಳೆ, ಮೇಣದ ಬತ್ತಿಗಳು ಉರಿಯುತ್ತಿವೆ. ಸಾರಾಳ ಮುಖದಲ್ಲಿ ನೆಮ್ಮದಿ ಮೂಡುತ್ತದೆ. ಕ್ಯಾಮೆರಾ ಹಿಂದೆ ಸರಿದಂತೆ ಅಲ್ಲಿ ಉರಿಯುತ್ತಿರುವುದು ಅವಳ ಪಂಜು ಮಾತ್ರ ಎಂದು ಗೊತ್ತಾಗುತ್ತದೆ, ಸುತ್ತಲ ಕತ್ತಲಿನಿಂದ ತೆವಳುಗರ ಸದ್ದು ಕೇಳಿಬರುತ್ತದೆ. 2006ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಈ ಕೊನೆಯ ಒಂದು ನಿಮಿಷವನ್ನು ಕತ್ತರಿಸಿಹಾಕಿದರು. ಅಲ್ಲಿಯವರಿಗೆ ಚಿತ್ರ ಕಾರಿನಲ್ಲಿ ಚೀರುವಲ್ಲಿಗೆ ಮುಗಿಯಿತು, ಅವಳು ಹೊರಗೆ ಬಂದಳೆಂದೇ ಅವರು ತಿಳಿದರು. ಸಂಕಲನಕಾರ ಜಾನ್ ಹ್ಯಾರಿಸ್ 2009ರಲ್ಲಿ ನಿರ್ದೇಶಿಸಿದ ಎರಡನೆಯ ಭಾಗವೂ ಅಮೆರಿಕದವರ ಅಂತ್ಯವನ್ನೇ ಒಪ್ಪಿಕೊಂಡು, ಸಾರಾ ಕಾಡಿನ ರಸ್ತೆಯಲ್ಲಿ ಸಿಕ್ಕಳೆಂಬಲ್ಲಿಂದ ಶುರುವಾಗುತ್ತದೆ. ಸಿಕ್ಕವಳನ್ನು ಪೊಲೀಸರು ಏನು ಮಾಡುತ್ತಾರೆ ಗೊತ್ತೆ? ಉಳಿದವರನ್ನು ಹುಡುಕಬೇಕೆಂದು ಅವಳನ್ನೇ ಮುಂದಿಟ್ಟುಕೊಂಡು ಮತ್ತೆ ಅದೇ ಗುಹೆಗೆ ಇಳಿಯುತ್ತಾರೆ.